ತೋಟ ಅಡವಿಟ್ಟು ಕೊಳ್ಳುವ ಹೆಸರು, ಸಂಬಳ ಕೊಟ್ಟು ಕರೆಯುವ ಕೆಲಸ

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲ ಸಮೀಪದವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ., ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನದ ಎಂ.ಎಸ್ಸಿ. ಮುಗಿಸಿದ್ದೇನೆ. ಸಸ್ಯರೋಗಗಳ ಬಗ್ಗೆ ಸಂಶೋಧನೆ ಮಾಡುವ ಆಸೆ. ಅಮೆರಿಕದಿಂದ ಎರಡು ಪತ್ರ ಬಂದಿವೆ. ಒಂದು ಪೂರ್ವ ಕರಾವಳಿಯ, ಎಲ್ಲರೂ ಹೆಸರು ಕೇಳಿರುವ ಖಾಸಗಿ ವಿಶ್ವವಿದ್ಯಾಲಯದ್ದು: ಬಯೋಟೆಕ್ನಾಲಜಿ ಎಂ.ಎಸ್., ಒಂದೂವರೆ ವರ್ಷ, ನೆರವು ಏನೂ ಇಲ್ಲ, ಒಟ್ಟು ಖರ್ಚು ಸುಮಾರು 70 ಲಕ್ಷ. ಇನ್ನೊಂದು ಒಳನಾಡಿನ ಒಂದು ರಾಜ್ಯ ವಿಶ್ವವಿದ್ಯಾಲಯದ್ದು: ಸಸ್ಯರೋಗಶಾಸ್ತ್ರದ ಪಿಎಚ್‌ಡಿ, ಐದು ವರ್ಷ, ಶುಲ್ಕ ಮನ್ನಾ, ವರ್ಷಕ್ಕೆ 28,000 ಡಾಲರ್, ಆರೋಗ್ಯ ವಿಮೆ. ಏಪ್ರಿಲ್ 15ರೊಳಗೆ ಉತ್ತರಿಸಬೇಕು. ಅಪ್ಪ ಎರಡೂವರೆ ಎಕರೆ ಅಡಿಕೆ ತೋಟ ಅಡವಿಟ್ಟು 50 ಲಕ್ಷ ಸಾಲ ತೆಗೆಯಲು ತಯಾರಿದ್ದಾರೆ, ಉಳಿದ 20 ಲಕ್ಷ ಮನೆಯಲ್ಲಿದೆ. ತಮ್ಮ ಪ್ಲಸ್ ಟುದಲ್ಲಿದ್ದಾನೆ. ಮಂಗಳೂರಿನಲ್ಲಿರುವ ಸೋದರಮಾವ, "ದುಡ್ಡು ಕೊಟ್ಟು ಕರೆಯುವ ಕಡೆ ಯಾರೂ ಹೋಗುವುದಿಲ್ಲ, ಅದಕ್ಕೇ ಕೊಡುತ್ತಾರೆ. ಹೆಸರಿರುವ ಕಡೆ ಹೋಗು" ಅನ್ನುತ್ತಾರೆ. ಅಮ್ಮನಿಗೆ ಐದು ವರ್ಷ ಎಂಬುದೇ ಚಿಂತೆ. ಏನು ಮಾಡಲಿ?

ಉತ್ತರ: ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಹೆಚ್ಚು ದಿನಗಳಿಲ್ಲ. ಪಿಎಚ್‌ಡಿಗೆ ಹೋಗಿ. ಆದರೆ "ಒಪ್ಪಿದೆ" ಎಂದು ಬರೆಯುವ ಮೊದಲು ಆ ಪತ್ರವನ್ನು, ಜಾಗ ಕೊಳ್ಳುವಾಗ ನಿಮ್ಮ ಅಪ್ಪ ಆಧಾರ (ಕ್ರಯಪತ್ರ) ಓದಿಸುವ ಹಾಗೆ, ಸಾಲು ಸಾಲಾಗಿ ಓದಬೇಕು. ಯಾವ ಸಾಲುಗಳನ್ನು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಮಾವನ ಮಾತಿನಿಂದಲೇ ಶುರು ಮಾಡೋಣ. ಅವರನ್ನು ದೂರಿ ಫಲವಿಲ್ಲ. ಮಂಗಳೂರು ಸುತ್ತಮುತ್ತ ಸೀಟಿನ ರೇಟು ನೋಡಿ ಬೆಳೆದವರಿಗೆ ದುಬಾರಿ ಸೀಟೇ ಒಳ್ಳೆಯ ಸೀಟು. ಸರಕಾರಿ ಕಾಲೇಜಿನಲ್ಲಿ ಕಲಿತ ನಿಮ್ಮ ವಿಷಯದಲ್ಲೇ ಆ ಲೆಕ್ಕ ಸರಿಹೋಗಿಲ್ಲ, ಅದು ಬೇರೆ ಮಾತು. ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗೆ ದುಡ್ಡು ಕೊಡುವುದು ದಾನವೂ ಅಲ್ಲ, ಗಿರಾಕಿ ಹಿಡಿಯುವ ಉಪಾಯವೂ ಅಲ್ಲ. ಅದು ಸಂಬಳ. ದೊಡ್ಡ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಯ ಸಾವಿರಾರು ಮಕ್ಕಳಿಗೆ ಲ್ಯಾಬ್ ನಡೆಸುವವರು, ಉತ್ತರಪತ್ರಿಕೆ ತಿದ್ದುವವರು ಹೆಚ್ಚಾಗಿ ಪಿಎಚ್‌ಡಿ ವಿದ್ಯಾರ್ಥಿಗಳೇ. ಆ ಕೆಲಸಕ್ಕೆ ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಎಂಬ ಹೆಸರು. ಇನ್ನು ಪ್ರಾಧ್ಯಾಪಕರು ಕೇಂದ್ರ ಸರಕಾರದ ಕೃಷಿ ಇಲಾಖೆಯಿಂದಲೋ ವಿಜ್ಞಾನ ಪ್ರತಿಷ್ಠಾನದಿಂದಲೋ ತರುವ ಅನುದಾನದ ಯೋಜನೆಗಳಿಗೆ ಕೈಗಳು ಬೇಕು. ಅಲ್ಲಿ ಕೆಲಸ ಮಾಡಿದರೆ ರಿಸರ್ಚ್ ಅಸಿಸ್ಟೆಂಟ್‌ಶಿಪ್. ಎರಡರಲ್ಲಿ ಯಾವುದಾದರೂ ನೀವು ದುಡಿದು ಪಡೆಯುವ ಹಣವೇ.

ಮಾವನಿಗೆ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ನಿಮ್ಮಿಂದ 70 ಲಕ್ಷ ಕೇಳುತ್ತಿರುವಂಥ ದೊಡ್ಡ ಹೆಸರಿನ ಖಾಸಗಿ ವಿಶ್ವವಿದ್ಯಾಲಯಗಳು ತಮ್ಮ ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಂದ ಶುಲ್ಕ ವಸೂಲು ಮಾಡುವುದಿಲ್ಲ, ಸ್ಟೈಪೆಂಡ್ ಕೊಡುತ್ತವೆ. ಅದೇ ಕಟ್ಟಡದಲ್ಲಿ ನಡೆಯುವ ಎಂ.ಎಸ್. ಕೋರ್ಸು ಅವುಗಳಿಗೆ ಆದಾಯದ ಬಾಬತ್ತು. ಪಿಎಚ್‌ಡಿಗೆ ಒಬ್ಬರನ್ನು ತೆಗೆದುಕೊಂಡರೆ ಐದು ವರ್ಷ ಸಾಕಬೇಕು, ಹಾಗಾಗಿ ವಿಭಾಗದವರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಶುಲ್ಕ ಕಟ್ಟುವ ಎಂ.ಎಸ್.ಗೆ ಅಷ್ಟು ಅಳೆದು ಸುರಿಯುವ ಅಗತ್ಯ ಅವರಿಗಿಲ್ಲ. ನಿಮ್ಮ ಕೈಯಲ್ಲಿರುವ ಎರಡು ಪತ್ರಗಳಲ್ಲಿ ಗಿಟ್ಟಿಸಲು ಕಷ್ಟವಾದದ್ದು ಯಾವುದು ಅಂದರೆ, ಬಹುಶಃ ಮಾವ ಬೇಡ ಅನ್ನುತ್ತಿರುವುದೇ.

ಈಗ ಹೆಸರಿನ ವಿಚಾರ. ಯಾರ ಬಾಯಲ್ಲಿ ಹೆಸರು? ಉಪ್ಪಳ ಸ್ಟೇಶನ್ನಿನಲ್ಲಿ ರೈಲಿಗೆ ಕಾಯುವವರಿಗೆ ಗೊತ್ತಿರುವ ವಿಶ್ವವಿದ್ಯಾಲಯಗಳ ಪಟ್ಟಿ ಬೇರೆ, ಸಸ್ಯರೋಗಶಾಸ್ತ್ರದವರು ತಮ್ಮೊಳಗೆ ಇಟ್ಟುಕೊಂಡಿರುವ ಪಟ್ಟಿ ಬೇರೆ. 1862ರಲ್ಲಿ ಅಮೆರಿಕದಲ್ಲಿ ಮೊರಿಲ್ ಕಾಯಿದೆ ಬಂತು. ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗಾಗಿ ಕೇಂದ್ರ ಸರಕಾರ ರಾಜ್ಯಗಳಿಗೆ ಭೂಮಿ ಕೊಟ್ಟಿತು, ಅದನ್ನು ಮಾರಿದ ಹಣದಲ್ಲಿ ಕಾಲೇಜುಗಳು ಎದ್ದವು. 1887ರ ಹ್ಯಾಚ್ ಕಾಯಿದೆ ಅವುಗಳಿಗೆ ಪ್ರಯೋಗ ಕೇಂದ್ರಗಳನ್ನು ಜೋಡಿಸಿತು. ಇಂದಿನ ವಿಸ್ಕಾನ್ಸಿನ್, ಮಿನ್ನೆಸೋಟ, ಮಿಶಿಗನ್ ಸ್ಟೇಟ್, ಒಹಾಯೊ ಸ್ಟೇಟ್, ಕಾನ್ಸಸ್ ಸ್ಟೇಟ್, ನಾರ್ತ್ ಕ್ಯಾರೊಲಿನಾ ಸ್ಟೇಟ್ ಎಲ್ಲ ಆ ಸಾಲಿನವು. ಬೆಳೆ, ಹುಳ, ರೋಗಗಳ ಕೆಲಸ ಅಲ್ಲಿ ಬದಿಗೆ ತಳ್ಳಿದ ವಿಷಯವಲ್ಲ, ಅವು ಹುಟ್ಟಿದ್ದೇ ಅದಕ್ಕೆ. ಐವಿ ಲೀಗ್ ಎಂಬ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಗುಂಪಿನ ಹೆಸರೂ ಕೃಷಿಯ ಬಲವೂ ಎರಡೂ ಇರುವ ಕಡೆ ಕಾರ್ನೆಲ್ (1907ರಲ್ಲಿ ಅಲ್ಲಿ ಶುರುವಾದದ್ದು ಅಮೆರಿಕದ ಮೊದಲ ಸಸ್ಯರೋಗಶಾಸ್ತ್ರ ವಿಭಾಗ). ಆದರೆ ಅದಕ್ಕೂ ಮೊರಿಲ್ ಕಾಯಿದೆಯ ಭೂಮಿಯೇ ಮೂಲ.

ನಾರ್ಮನ್ ಬೋರ್ಲಾಗ್ ಪಿಎಚ್‌ಡಿ ಮಾಡಿದ್ದು ಸಸ್ಯರೋಗಶಾಸ್ತ್ರದಲ್ಲೇ, 1942ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಗೋಧಿಯ ತುಕ್ಕುರೋಗ ತಡೆಯುವ ತಳಿಗಳ ಹಿಂದೆ ಹೋದ ಆ ಮನುಷ್ಯನಿಗೆ 1970ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ಎಂ.ಎಸ್. ಸ್ವಾಮಿನಾಥನ್ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮುಗಿಸಿ ಮುಂದಿನ ಸಂಶೋಧನೆಗೆ ಹೋದದ್ದು ವಿಸ್ಕಾನ್ಸಿನ್‌ಗೆ. ಇನ್ನೂ ಹತ್ತಿರದ್ದು ಬೇಕೆಂದರೆ, ಅಡಿಕೆಯ ಕೊಳೆರೋಗದ ಕುರಿತು 1910ರ ವೇಳೆಗೇ ವೈಜ್ಞಾನಿಕ ವರದಿ ಬರೆದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಕೆನಡಾದಿಂದ ಬಂದವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವ ನಮ್ಮ ತೋಟದವರಲ್ಲಿ ಎಷ್ಟು ಮಂದಿ ಅವರು ಕಲಿತ ವಿಶ್ವವಿದ್ಯಾಲಯ ಯಾವುದೆಂದು ಕೇಳಿದ್ದಾರೆ?

ಹಾಗೆಂದು ಹೆಸರು ಬರೀ ಭ್ರಮೆ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಅಮೆರಿಕದ ವಿಶ್ವವಿದ್ಯಾಲಯಗಳ ಅಧ್ಯಾಪಕರು ಪಿಎಚ್‌ಡಿ ಎಲ್ಲಿ ಮಾಡಿದ್ದಾರೆಂದು ಲೆಕ್ಕ ಹಾಕಿತು. ಅಮೆರಿಕದಲ್ಲೇ ಪಿಎಚ್‌ಡಿ ಮಾಡಿದ ಅಧ್ಯಾಪಕರಲ್ಲಿ ಶೇ. 80ರಷ್ಟು ಮಂದಿ ಬಂದದ್ದು ಕೇವಲ ಶೇ. 20ರಷ್ಟು ವಿಶ್ವವಿದ್ಯಾಲಯಗಳಿಂದ. ಎಂಟರಲ್ಲಿ ಒಬ್ಬರು ಐದೇ ಐದು ಕಡೆ ತಯಾರಾದವರು: ಬರ್ಕ್ಲಿ, ಹಾರ್ವರ್ಡ್, ಮಿಶಿಗನ್, ವಿಸ್ಕಾನ್ಸಿನ್–ಮ್ಯಾಡಿಸನ್, ಸ್ಟ್ಯಾನ್‌ಫರ್ಡ್. ಅಮೆರಿಕದಲ್ಲಿ ಪ್ರೊಫೆಸರ್ ಆಗುವುದೇ ನಿಮ್ಮ ಗುರಿಯಾದರೆ ಈ ಅಂಕಿ ನಿಮಗೆ ಸಂಬಂಧಪಟ್ಟದ್ದು, ನಾನು ಮುಚ್ಚಿಡುವುದಿಲ್ಲ. ಆದರೆ ಎರಡು ವಿಷಯ ಗಮನಿಸಿ. ಆ ಐದರಲ್ಲಿ ಮೂರು ಸರಕಾರಿ ವಿಶ್ವವಿದ್ಯಾಲಯಗಳು. ಅಲ್ಲದೆ ಅಲ್ಲಿ ಎಣಿಸಿದ್ದು ಪಿಎಚ್‌ಡಿಯ ಹೆಸರನ್ನು, ಎಂ.ಎಸ್.ನ ಹೆಸರನ್ನಲ್ಲ. 70 ಲಕ್ಷ ಕೊಟ್ಟು ಕೊಂಡ ಎಂ.ಎಸ್. ಮುಗಿದ ಮೇಲೂ ನೀವು ಮತ್ತೆ ಪಿಎಚ್‌ಡಿಗೆ ಅರ್ಜಿ ಹಾಕಬೇಕು, ಮತ್ತೆ ಇಂಥದೇ ಪತ್ರಕ್ಕೆ ಕಾಯಬೇಕು.

ಊರಿಗೆ ಮರಳುವ ಯೋಚನೆ ಇದ್ದರೆ ಹೆಸರಿನ ಲೆಕ್ಕ ಇನ್ನೂ ಒಣ ಲೆಕ್ಕ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಕ್ಯೂಎಸ್, ಟೈಮ್ಸ್ ಹೈಯರ್ ಎಜುಕೇಶನ್, ಶಾಂಘೈ ಈ ಮೂರರಲ್ಲಿ ಯಾವುದಾದರೂ ಒಂದು ಜಾಗತಿಕ ಪಟ್ಟಿಯಲ್ಲಿ ಮೊದಲ 500ರೊಳಗೆ ಬಂದ ವಿದೇಶಿ ವಿಶ್ವವಿದ್ಯಾಲಯದ ಪಿಎಚ್‌ಡಿ ಇದ್ದರೆ, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಗೆ ನೆಟ್ ಬೇಕಿಲ್ಲ ಎಂದಿದೆ. 5ನೇ ಸ್ಥಾನಕ್ಕೂ 300ನೇ ಸ್ಥಾನಕ್ಕೂ ಅಲ್ಲಿ ಭೇದವಿಲ್ಲ. ನಿಮ್ಮ ರಾಜ್ಯ ವಿಶ್ವವಿದ್ಯಾಲಯ ಆ 500ರೊಳಗೆ ಇದೆಯೇ ಎಂದು ಇವತ್ತೇ ನೋಡಿ, ಹತ್ತು ನಿಮಿಷದ ಕೆಲಸ. ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ, ವಿಜ್ಞಾನಿ ಆಗಬೇಕೆಂಬ ಆಸೆ ನಿಮ್ಮ ಮನಸ್ಸಿನ ಮೂಲೆಯಲ್ಲಿದ್ದರೆ (ಸಸ್ಯರೋಗ ಓದುವ ನಮ್ಮೂರಿನವರಿಗೆ ಅದು ಇದ್ದೇ ಇರುತ್ತದೆ), ಅಲ್ಲಿನ ಆರಂಭದ ಹುದ್ದೆಗೆ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ (ಎಎಸ್‌ಆರ್‌ಬಿ) ಅಖಿಲ ಭಾರತ ಪರೀಕ್ಷೆ ಬರೆಯಬೇಕು. ಪೂರ್ವ ಕರಾವಳಿಯ ಯಾವ ಹೆಸರೂ ಆ ಪರೀಕ್ಷೆಯಿಂದ ವಿನಾಯಿತಿ ಕೊಡಿಸುವುದಿಲ್ಲ.

ಇನ್ನು ತೋಟದ ಮಾತು. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಮನೆಯಲ್ಲಿ ಈ ಲೆಕ್ಕವನ್ನು ಯಾರೂ ಕಾಗದದ ಮೇಲೆ ಬರೆದಂತೆ ಕಾಣುವುದಿಲ್ಲ.

ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಭದ್ರತೆ ಇಲ್ಲದೆ ಕೊಡುವ ಖಾಸಗಿ ಹಣಕಾಸು ಕಂಪೆನಿಗಳಿವೆ, ಅಲ್ಲಿ ಬಡ್ಡಿ ಮೇಲೆ. 50 ಲಕ್ಷಕ್ಕೆ ಬಡ್ಡಿ ಶೇ. 10.5 ಎಂದು ಹಿಡಿಯೋಣ. ಓದುವ ಒಂದೂವರೆ ವರ್ಷ, ಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಆ ಕಾಲದಲ್ಲೂ ಓಡುತ್ತಲೇ ಇರುತ್ತದೆ. ಅರ್ಧ ಹಣ ಮೊದಲಿಗೆ, ಅರ್ಧ ಒಂದು ವರ್ಷದ ಬಳಿಕ ತೆಗೆದರೆ, ಮೊದಲ ಕಂತಿನ ದಿನಕ್ಕೆ ಬಡ್ಡಿಯೇ ಹತ್ತೂವರೆ ಲಕ್ಷ ಕೂಡಿರುತ್ತದೆ. ಅದನ್ನು ಅಸಲಿಗೆ ಸೇರಿಸಿ ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 81,600 ರೂಪಾಯಿ. ಹತ್ತು ವರ್ಷದಲ್ಲಿ ಕಟ್ಟುವ ಒಟ್ಟು ಮೊತ್ತ 98 ಲಕ್ಷದ ಹತ್ತಿರ. ಮನೆಯ 20 ಲಕ್ಷ ಇದರಲ್ಲಿ ಸೇರಿಲ್ಲ. ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಎಂದು ಬ್ಯಾಂಕಿನವರು ಹೇಳುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ಎಂಟು ವರ್ಷ, ಅದೂ ಇಲ್ಲಿ ತೆರಿಗೆ ಕಟ್ಟುವ ಆದಾಯ ಇರುವವರಿಗೆ.

ಚಾಲಿ (ಒಣಗಿಸಿ ಸುಲಿದ ಅಡಿಕೆ) ಕಿಲೋಗೆ 450 ರೂಪಾಯಿ ಎಂದು ಹಿಡಿದರೆ, ಕಂತು ಕಟ್ಟಲು ತಿಂಗಳಿಗೆ 181 ಕಿಲೋ ಅಡಿಕೆ ಮಾರಬೇಕು. ವರ್ಷಕ್ಕೆ 22 ಕ್ವಿಂಟಲಿಗೆ ಸ್ವಲ್ಪ ಕಡಿಮೆ. ನಿಮ್ಮ ಎರಡೂವರೆ ಎಕರೆಯಲ್ಲಿ ಕಳೆದ ಸಲ ಎಷ್ಟು ಚಾಲಿ ಸಿಕ್ಕಿತು, ಅದರಲ್ಲಿ ಕೂಲಿ, ಗೊಬ್ಬರ, ಮದ್ದು ಕಳೆದು ಎಷ್ಟು ಉಳಿಯಿತು ಎಂದು ಅಪ್ಪನನ್ನು ಕೇಳಿ. ಉತ್ತರ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕೊಳೆರೋಗ ಬಂದ ವರ್ಷ ಏನಾಗುತ್ತದೆ ಎಂಬುದು ನಿಮಗೂ ಗೊತ್ತು, ನಿಮ್ಮ ಓದೇ ಅದು. ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಧಾರಣೆ ಇಳಿದರೂ ಬ್ಯಾಂಕಿನ ಕಂತು ಇಳಿಯುವುದಿಲ್ಲ.

"ಅವಳಿಗೆ ಅಲ್ಲೇ ಕೆಲಸ ಸಿಗುತ್ತದಲ್ಲ, ಡಾಲರಿನಲ್ಲಿ ಕಟ್ಟುತ್ತಾಳೆ" ಎಂದು ಮಾವ ಅನ್ನಬಹುದು. ಸಿಗಬಹುದು. ಎಫ್-1 ವೀಸಾದಲ್ಲಿ ಓದಿದವರಿಗೆ ಓದು ಮುಗಿದ ಮೇಲೆ ಒಂದು ವರ್ಷ, ವಿಜ್ಞಾನದವರಿಗೆ ಇನ್ನೂ ಎರಡು ವರ್ಷ ಕೆಲಸ ಮಾಡುವ ಅನುಮತಿ ಈಗ ಇದೆ. ಆ ಬಳಿಕ ಎಚ್-1ಬಿ ಎಂಬ ಕೆಲಸದ ವೀಸಾ, ಅದು ಲಾಟರಿ. ಸಾಲದ್ದಕ್ಕೆ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಅದು ಎಲ್ಲರಿಗೂ ಅನ್ವಯಿಸುವುದಿಲ್ಲ, ಆದರೆ ನಿಯಮ ಒಂದೇ ರಾತ್ರಿಯಲ್ಲಿ ಹೇಗೆ ಬದಲಾಗಬಹುದು ಎಂಬುದಕ್ಕೆ ಅದೇ ಸಾಕ್ಷಿ. ಮೂರು ವರ್ಷದ ಅನುಮತಿ, ಹತ್ತು ವರ್ಷದ ಸಾಲ. ಈ ಅಂತರಕ್ಕೆ ಭದ್ರತೆಯಾಗಿ ನಿಂತಿರುವುದು ಮಾವನ ಆಸ್ತಿಯಲ್ಲ, ನಿಮ್ಮ ತಮ್ಮನಿಗೂ ಪಾಲು ಬರುವ ತೋಟ.

ನನಗೆ ಹಣಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ತಿಂಗಳಿಗೆ 81,600 ಕಟ್ಟಬೇಕಾದವಳು ಸಸ್ಯರೋಗ ಸಂಶೋಧನೆ ಮಾಡುವುದಿಲ್ಲ. ಮೊದಲು ಸಿಕ್ಕ ಕಂಪೆನಿಯ ಗುಣಮಟ್ಟ ಪರೀಕ್ಷೆಯ ಲ್ಯಾಬಿಗೆ ಸೇರುತ್ತಾಳೆ, ಅಲ್ಲೇ ಉಳಿಯುತ್ತಾಳೆ. ಆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ನೀವು ಕೇಳಿದ್ದು ಅದಲ್ಲ ಎಂದಷ್ಟೇ. ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಈ ಕೆಲಸದಲ್ಲಿ ನನ್ನ ಮುಂದೆ ಕುಳಿತು "ಸರ್, ಸಾಲ ತೀರಿದ ಮೇಲೆ ಪಿಎಚ್‌ಡಿ ಮಾಡುತ್ತೇನೆ" ಅಂದವರಲ್ಲಿ ಹಾಗೆ ಮಾಡಿದವರು ಬಹಳ ಕಡಿಮೆ.

ಈಗ ಆ ಪಿಎಚ್‌ಡಿ ಪತ್ರ ತೆಗೆಯಿರಿ. ಪೂರ್ತಿ ಧನಸಹಾಯ ಎಂದು ಮೇಲೆ ಬರೆದಿದ್ದರೂ ಕೆಳಗಿನ ಸಾಲುಗಳಲ್ಲಿ ಎಷ್ಟೋ ವ್ಯತ್ಯಾಸ ಅಡಗಿರುತ್ತದೆ. ಮೊದಲನೆಯದು, 28,000 ಡಾಲರ್ ಹನ್ನೆರಡು ತಿಂಗಳಿಗೋ, ಒಂಬತ್ತು ತಿಂಗಳಿಗೋ? ಅಮೆರಿಕದಲ್ಲಿ ಶೈಕ್ಷಣಿಕ ವರ್ಷ ಒಂಬತ್ತು ತಿಂಗಳು. ಎಷ್ಟೋ ವಿಭಾಗಗಳು ಸಂಬಳವನ್ನು ಅಷ್ಟಕ್ಕೇ ಖಾತರಿ ಮಾಡಿ, ಬೇಸಿಗೆಯ ಮೂರು ತಿಂಗಳಿಗೆ "ಅವಕಾಶವಿದ್ದರೆ" ಎಂದು ಸೇರಿಸುತ್ತವೆ. 28,000 ಎಂಬುದು ಬೇಸಿಗೆಯನ್ನೂ ಕೂಡಿಸಿ ಹೇಳಿದ ಅಂಕಿಯಾಗಿದ್ದರೆ ಖಾತರಿ ಇರುವುದು 21,000 ಮಾತ್ರ ಇರಬಹುದು. ಬೇಸಿಗೆಯಲ್ಲೂ ಬಾಡಿಗೆ ಕೊಡಬೇಕು, ಅನ್ನ ಉಣ್ಣಬೇಕು.

ಎರಡನೆಯದು ಮುಖ್ಯ. ಐದು ವರ್ಷವೂ ಖಾತರಿಯೇ, ಅಥವಾ ಮೊದಲ ವರ್ಷ ಖಾತರಿ, ಆಮೇಲೆ "ಪ್ರಗತಿ ಹಾಗೂ ಅನುದಾನದ ಲಭ್ಯತೆಗೆ ಒಳಪಟ್ಟು"? ಪ್ರಗತಿಯ ಷರತ್ತು ಎಲ್ಲ ಕಡೆ ಇರುತ್ತದೆ, ಅದಕ್ಕೆ ಹೆದರಬೇಡಿ. ಅನುದಾನದ ಷರತ್ತು ಬೇರೆ. 2025ರಲ್ಲಿ ಅಮೆರಿಕ ಸರಕಾರ ಸಂಶೋಧನಾ ಅನುದಾನಕ್ಕೆ ಕೈ ಹಾಕಿದಾಗ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶ ಕಡಿತ ಮಾಡಿದವು, ಕೆಲವು ಕೊಟ್ಟ ಆಫರನ್ನೇ ಹಿಂದಕ್ಕೆ ಪಡೆದವು. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ನನ್ನ ಸಂಬಳ ಒಬ್ಬ ಪ್ರಾಧ್ಯಾಪಕರ ಅನುದಾನದಿಂದ ಬರುತ್ತದೋ, ವಿಭಾಗದಿಂದಲೋ? ಆ ಅನುದಾನ ಯಾವ ವರ್ಷಕ್ಕೆ ಮುಗಿಯುತ್ತದೆ? ಮುಗಿದರೆ ವಿಭಾಗ ನನಗೆ ಟೀಚಿಂಗ್ ಕೆಲಸ ಕೊಟ್ಟು ಉಳಿಸಿಕೊಳ್ಳುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಇಮೇಲಿನಲ್ಲಿ ಬರಹದಲ್ಲಿ ಬರಬೇಕು. ಝೂಮ್‌ನಲ್ಲಿ ನಗುತ್ತಾ ಹೇಳಿದ ಮಾತು ಸಾಲದು.

ಹಣದ ಅವಧಿ ಮುಗಿದರೆ ಏನಾಗುತ್ತದೆ ಎಂಬುದಕ್ಕೆ ಅಂಬೇಡ್ಕರರ ಬದುಕಿನಲ್ಲೇ ಉದಾಹರಣೆ ಇದೆ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮರಳಿ ಬಂದು ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಅದಕ್ಕೆ ಅಂಟಿಕೊಂಡಿತ್ತು. ಅಲ್ಲಿಂದ ಲಂಡನ್ನಿಗೆ ಹೋಗಿ ಓದು ಅರ್ಧದಲ್ಲಿರುವಾಗಲೇ ವೇತನದ ಅವಧಿ ಮುಗಿಯಿತು. 1917ರಲ್ಲಿ ಮರಳಬೇಕಾಯಿತು, ಮತ್ತೆ ಲಂಡನ್ನಿಗೆ ಹೋದದ್ದು 1920ರಲ್ಲಿ, ಉಳಿತಾಯ ಕೂಡಿಸಿ, ಸಾಲ ಸೋಲ ಮಾಡಿ. ಅಮೆರಿಕದ ಅಸಿಸ್ಟೆಂಟ್‌ಶಿಪ್‌ನಲ್ಲಿ ಸಾಮಾನ್ಯವಾಗಿ ಇಂಥ ಬಾಂಡ್ ಇರುವುದಿಲ್ಲ. ಅವಧಿಯ ಪ್ರಶ್ನೆ ಮಾತ್ರ ಇದ್ದೇ ಇರುತ್ತದೆ.

ಉಳಿದವು ಸಣ್ಣವು, ಆದರೆ ಕೇಳಿ. ಶುಲ್ಕ ಮನ್ನಾ ಅಂದರೆ ಬೋಧನಾ ಶುಲ್ಕ ಮಾತ್ರ ಇರಬಹುದು. ಪ್ರತಿ ಸೆಮಿಸ್ಟರಿಗೆ ಬೇರೆ ಬೇರೆ ಹೆಸರಿನ ಫೀಸು ಕೆಲವೆಡೆ ವಿದ್ಯಾರ್ಥಿಯೇ ಕಟ್ಟಬೇಕು. ವಿಮೆಯ ಕಂತನ್ನು ಪೂರ್ತಿ ಅವರು ಕಟ್ಟುತ್ತಾರೋ, ಪಾಲೋ? ತೆರಿಗೆಯಲ್ಲಿ ನಮಗೊಂದು ಅನುಕೂಲವಿದೆ: ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಭಾರತದ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ, ಬೇರೆ ಹೆಚ್ಚಿನ ದೇಶದವರಿಗೆ ಅದಿಲ್ಲ. ಹೋದ ಮೊದಲ ವರ್ಷ ಗೊತ್ತಿಲ್ಲದೆ ಅದನ್ನು ಬಿಟ್ಟುಬಿಡುವವರಿದ್ದಾರೆ. ತರಗತಿ ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಅಸಿಸ್ಟೆಂಟ್‌ಶಿಪ್ಪೇ ಅದನ್ನು ನುಂಗುತ್ತದೆ, ಮೇಲೆ ಇನ್ನೊಂದು ಕೆಲಸ ಮಾಡಿ ಸಂಪಾದಿಸುವ ಲೆಕ್ಕ ಹಾಕಬೇಡಿ. 28,000 ಡಾಲರ್ ಅಂದರೆ ತೆರಿಗೆಗೆ ಮೊದಲು ತಿಂಗಳಿಗೆ 2,333. ನ್ಯೂಯಾರ್ಕ್ ಬಾಸ್ಟನ್‌ಗಳಲ್ಲಿ ಅದು ಉಸಿರು ಕಟ್ಟಿಸುವ ಮೊತ್ತ. ಒಳನಾಡಿನ ಸಣ್ಣ ಊರಿನಲ್ಲಿ ಇನ್ನೊಬ್ಬರ ಜೊತೆ ಬಾಡಿಗೆ ಹಂಚಿಕೊಂಡರೆ ಬದುಕಬಹುದು. ಮನೆಗೆ ಕಳಿಸುವಷ್ಟು ಉಳಿಯುತ್ತದೆಂಬ ಆಸೆ ಮಾತ್ರ ಅಮ್ಮನಲ್ಲಿ ಹುಟ್ಟಿಸಬೇಡಿ.

ಕನ್ನಡ ಮಾಧ್ಯಮದ ವಿಚಾರವನ್ನು ನೀವು ಪ್ರಶ್ನೆಯ ಮೊದಲಲ್ಲೇ ಬರೆದಿದ್ದೀರಿ, ಅದರಲ್ಲೊಂದು ಅಳುಕಿದೆ ಎಂದು ನನಗನ್ನಿಸಿತು. ನಿಮ್ಮದು ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಆದರೆ ಹದಿನೆಂಟರ ಹುಡುಗ ಹುಡುಗಿಯರ ಮುಂದೆ ನಿಂತು ಇಂಗ್ಲಿಷಿನಲ್ಲಿ ಲ್ಯಾಬ್ ನಡೆಸಬೇಕು. ಹಲವು ವಿಶ್ವವಿದ್ಯಾಲಯಗಳು ಇದಕ್ಕೆ ಟೋಫೆಲ್‌ನ ಮಾತಿನ ವಿಭಾಗದಲ್ಲಿ ಪ್ರತ್ಯೇಕ ಅಂಕ ಕೇಳುತ್ತವೆ, ಕೆಲವು ಹೋದ ಮೇಲೆ ತಾವೇ ಪರೀಕ್ಷೆ ನಡೆಸುತ್ತವೆ. ನಿಮ್ಮಲ್ಲಿ ಆ ಅಂಕ ಎಷ್ಟು, ಅವರ ಮಿತಿ ಎಷ್ಟು ಎಂದು ನೋಡಿ. ಕಡಿಮೆ ಬಿದ್ದರೆ ಮೊದಲ ಸೆಮಿಸ್ಟರ್ ಬೇರೆ ಕೆಲಸ ಕೊಡುತ್ತಾರೆಯೇ ಎಂದು ಕೇಳಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ನೆರೆಯವರ ಜೊತೆ ತುಳು ಎಂದು ಬೆಳೆದವರು ಇನ್ನೊಂದು ಭಾಷೆಯ ಉಚ್ಚಾರಕ್ಕೆ ಬೇಗ ಒಗ್ಗುತ್ತಾರೆ ಎಂಬುದು ನಾನು ಕಂಡದ್ದು. ಮೇ, ಜೂನ್, ಜುಲೈ ಮೂರು ತಿಂಗಳು ಕೈಯಲ್ಲಿದೆ. ಪ್ರತಿದಿನ ಜೋರಾಗಿ ವಿವರಿಸುವ ಅಭ್ಯಾಸ ಮಾಡಿ, ತಮ್ಮನ ಜೀವಶಾಸ್ತ್ರ ಪಾಠವನ್ನೇ ಇಂಗ್ಲಿಷಿನಲ್ಲಿ ಅವನಿಗೆ ಹೇಳಿಕೊಟ್ಟರೂ ಆಯಿತು.

ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಯಾರು ಎಂಬುದು ಪಿಎಚ್‌ಡಿಯಲ್ಲಿ ದೊಡ್ಡದು. ಅವರ ಬಳಿ ಈಗ ಇರುವ ಇಬ್ಬರು ವಿದ್ಯಾರ್ಥಿಗಳಿಗೆ, ಮುಗಿಸಿ ಹೋದ ಒಬ್ಬರಿಗೆ ಇಮೇಲ್ ಮಾಡಿ. ಎಷ್ಟು ವರ್ಷ ಹಿಡಿಯಿತು, ಈಗ ಎಲ್ಲಿದ್ದೀರಿ, ನಿಮಗಿಂತ ಮೊದಲು ಬಿಟ್ಟು ಹೋದವರು ಇದ್ದಾರೆಯೇ ಎಂದು ಕೇಳಿ. ಬಿಟ್ಟು ಹೋಗುವುದು ಅಪರೂಪವಲ್ಲ. ಅಮೆರಿಕದ ಪದವೀಧರ ಶಾಲೆಗಳ ಮಂಡಳಿ ನಡೆಸಿದ ದೊಡ್ಡ ಅಧ್ಯಯನದಲ್ಲಿ ಹತ್ತು ವರ್ಷದೊಳಗೆ ಪಿಎಚ್‌ಡಿ ಮುಗಿಸಿದವರು ಒಟ್ಟಾರೆ ಶೇ. 57, ಜೀವವಿಜ್ಞಾನಗಳಲ್ಲಿ ಶೇ. 63. ಅಂದರೆ ಹತ್ತು ವರ್ಷವಾದರೂ ಮುಗಿಸದೆ ಉಳಿದವರು ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಇದನ್ನು ಹೇಳುವುದು ಹೆದರಿಸಲು ಅಲ್ಲ. ಎರಡು ವರ್ಷದ ಬಳಿಕ ಇದು ನನಗಲ್ಲ ಎಂದು ನಿಮಗನ್ನಿಸಿದರೆ, ಬಹಳಷ್ಟು ವಿಭಾಗಗಳಲ್ಲಿ ಅಷ್ಟರಲ್ಲಿ ಗಳಿಸಿದ ಕ್ರೆಡಿಟ್ಟುಗಳ ಮೇಲೆ ಎಂ.ಎಸ್. ಪದವಿ ಪಡೆದು ಹೊರಬರುವ ದಾರಿ ಇದೆ. ಆಗಲೂ ನಿಮ್ಮ ಕೈಯಲ್ಲೊಂದು ಅಮೆರಿಕದ ಎಂ.ಎಸ್. ಇರುತ್ತದೆ, ತಲೆಯ ಮೇಲೆ ಸಾಲ ಇರುವುದಿಲ್ಲ. ಮಾವ ಈ ಅಂಶ ಯೋಚಿಸಿರಲಾರರು.

ಅಮ್ಮನ ಐದು ವರ್ಷದ ಚಿಂತೆಗೆ ನನ್ನಲ್ಲಿ ಮದ್ದಿಲ್ಲ. ಮದುವೆಯ ಪ್ರಸ್ತಾಪಗಳು ಬರುತ್ತವೆ, ಪಿಎಚ್‌ಡಿ ನಡುವೆ ಮದುವೆಯಾದವರೂ ಇದ್ದಾರೆ. ಒಂದು ಮಾತ್ರ ಮೊದಲೇ ತಿಳಿದಿರಲಿ: ನಿಮ್ಮ ಅವಲಂಬಿತರಾಗಿ ಎಫ್-2 ವೀಸಾದಲ್ಲಿ ಬರುವ ಗಂಡ ಅಲ್ಲಿ ಕೆಲಸ ಮಾಡುವಂತಿಲ್ಲ. ಜಾತಕ ನೋಡುವವರು ಇದನ್ನೂ ನೋಡಲಿ. ಆಗ ಗಂಡಿನ ಕಡೆಯವರ ಪ್ರಶ್ನೆಗಳು ಬೇರೆಯಾಗುತ್ತವೆ, ಅದೂ ಒಳ್ಳೆಯದೇ.

ನಾನು ಇದರ ವಿರುದ್ಧ ಸಲಹೆ ಕೊಡುತ್ತಿದ್ದ ಸಂದರ್ಭಗಳೂ ಇವೆ. ನಿಮ್ಮ ಮನೆಯಲ್ಲಿ 70 ಲಕ್ಷ ಅಡವಿಲ್ಲದೆ ಇದ್ದಿದ್ದರೆ, ನಿಮಗೆ ಸಂಶೋಧನೆ ಬೇಡ, ಕಂಪೆನಿ ಕೆಲಸವೇ ಬೇಕು ಎಂದಿದ್ದರೆ, ಆ ಎಂ.ಎಸ್.ನ ಹಳೆ ವಿದ್ಯಾರ್ಥಿಗಳ ಜಾಲ ನಿಜವಾಗಿ ಉಪಯೋಗಕ್ಕೆ ಬರುತ್ತಿತ್ತು. ಅಥವಾ ಪಿಎಚ್‌ಡಿ ಪತ್ರದಲ್ಲಿ ಒಂದೇ ವರ್ಷದ ಖಾತರಿ ಇದ್ದು, ಗೈಡಿನ ಅನುದಾನ ಮುಂದಿನ ವರ್ಷ ಮುಗಿಯುವಂತಿದ್ದು, ವಿಭಾಗ ಏನನ್ನೂ ಬರೆದು ಕೊಡದಿದ್ದರೆ, ನಾನು ಎರಡೂ ಬೇಡ ಅನ್ನುತ್ತೇನೆ. ಆಗ ಇಲ್ಲೇ ನೆಟ್ ಪರೀಕ್ಷೆಯ ಮೂಲಕ ಸಿಗುವ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್‌ಗೆ ಕೂರಿ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಬಾಡಿಗೆ ಭತ್ಯೆ ಬೇರೆ. ಒಳ್ಳೆಯ ಲ್ಯಾಬ್ ಸಿಕ್ಕರೆ ಅದೂ ಪೂರ್ತಿ ಸಂಬಳದ ಪಿಎಚ್‌ಡಿಯೇ. ಅಥವಾ ಮುಂದಿನ ವರ್ಷ ಯುರೋಪಿನಲ್ಲಿ ಎಂ.ಎಸ್. ಓದಲು ಕೊಡುವ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಕ್ಕೆ ಹಾಕಿ: ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೊ, ಎರಡು ವರ್ಷ. ಎಂ.ಎಸ್.ನ ಹೆಸರೇ ಬೇಕೆಂದಿದ್ದರೆ ತೋಟ ಅಡವಿಡದೆ ಪಡೆಯುವ ದಾರಿ ಅದು.

ಏಪ್ರಿಲ್ 15ರ ಬಗ್ಗೆ ಒಂದು ಮಾತು. ಅದು ಆ ವಿಭಾಗ ತಾನಾಗಿ ಇಟ್ಟ ದಿನಾಂಕವಲ್ಲ. ಅದೇ ಪದವೀಧರ ಶಾಲೆಗಳ ಮಂಡಳಿಯ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಆಫರಿಗೆ ಆ ದಿನಕ್ಕಿಂತ ಮೊದಲು ಉತ್ತರ ಕೊಡಲೇಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಹಾಗಾಗಿ ಪ್ರಶ್ನೆ ಕೇಳಲು ಸಂಕೋಚ ಬೇಡ. ಗೈಡಿಗೆ ಒಂದು ಇಮೇಲ್, ವಿಭಾಗದ ಪದವೀಧರ ಸಂಯೋಜಕರಿಗೆ ಒಂದು, ಇವತ್ತು ರಾತ್ರಿಯೇ ಕಳಿಸಿ. ನಮ್ಮ ರಾತ್ರಿ ಅವರ ಬೆಳಗ್ಗೆ, ಮರುದಿನ ಎದ್ದಾಗ ಉತ್ತರ ಬಂದಿರಲೂಬಹುದು.

ಒಪ್ಪಿಕೊಂಡ ಮೇಲೆ ಮೊದಲ ಖರ್ಚಿಗೆ ಸ್ವಲ್ಪ ಹಣ ಬೇಕಾಗುತ್ತದೆ. ವಿದೇಶಿ ವಿದ್ಯಾರ್ಥಿಗಳ ನೋಂದಣಿಗೆ ಕಟ್ಟುವ ಸೆವಿಸ್ ಶುಲ್ಕ 350 ಡಾಲರ್, ವೀಸಾ ಅರ್ಜಿಗೆ 185 ಡಾಲರ್, ವಿಮಾನದ ಟಿಕೆಟ್, ಬಾಡಿಗೆ ಮನೆಯ ಮುಂಗಡ. ಮೊದಲ ಸಂಬಳ ಕೈಗೆ ಬರುವುದು ಹೋಗಿ ತಿಂಗಳು ಕಳೆದ ಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ. ಮನೆಯ 20 ಲಕ್ಷದಲ್ಲಿ ಮೂರು ನಾಲ್ಕು ಲಕ್ಷ ಇದಕ್ಕೆ ತೆಗೆದಿಡಿ, ಉಳಿದದ್ದು ತಮ್ಮನಿಗಿರಲಿ. ಪೊಸೆಶನ್ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್ ಎಂದು ಅಪ್ಪ ಈಗಾಗಲೇ ವಿಲ್ಲೇಜ್ ಆಫೀಸಿಗೆ ಅರ್ಜಿ ಕೊಟ್ಟಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಲು ಹೇಳಿ.